ಇಂಗ್ಲಿಷ್ ಪದಗಳ ಉಳಿತಾಯ: ಮಕ್ಕಳ ಪ್ರವೇಶ ಪರೀಕ್ಷೆಯಲ್ಲಿ ತಾಯಂದಿರ ಪಾಲು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ಸಭೆಯಲ್ಲಿ ಸಾಮಾನ್ಯವಾಗಿ ನಾವು ಉಳಿತಾಯ, ಸಾಲ ಮರುಪಾವತಿ, ಆರೋಗ್ಯ, ಹೈನುಗಾರಿಕೆ ಇಂಥ ವಿಷಯಗಳ ಬಗ್ಗೆ ಮಾತಾಡುತ್ತೇವೆ. ಇವತ್ತಿನ ವಿಷಯ ಇಂಗ್ಲಿಷ್ ಪದಗಳು ಅಂತ ಹೇಳಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು, "ನಾವು ಸಹಿ ಹಾಕೋದೇ ಕನ್ನಡದಲ್ಲಿ, ಇಂಗ್ಲಿಷ್ ಪದ ಕಟ್ಟಿಕೊಂಡು ನಮಗೇನಾಗಬೇಕು ಸಿಸ್ಟರ್?" ಅಂತ ಕೇಳಿಯೇ ಬಿಟ್ಟರು. ನ್ಯಾಯವಾದ ಪ್ರಶ್ನೆ. ಇವತ್ತಿನ ಮಾತೆಲ್ಲ ಆ ಪ್ರಶ್ನೆಗೆ ಉತ್ತರ ಅಂದುಕೊಳ್ಳಿ.

ನಮ್ಮ ಸಂಘಗಳ ಸಾಲದ ಪುಸ್ತಕ ತೆರೆದು ನೋಡಿ. ಮೊದಲೆಲ್ಲ 'ಉದ್ದೇಶ' ಅನ್ನುವ ಕಡೆ ಹಸು, ಹೊಲಿಗೆ ಯಂತ್ರ, ಮನೆ ರಿಪೇರಿ ಅಂತ ಇರುತ್ತಿತ್ತು. ಈಗ 'ಮಗಳ ಕೋಚಿಂಗ್' ಅಂತಲೂ ಬರೆಯುತ್ತಿದ್ದೇವೆ. ಇದು ಸಂತೋಷದ ಸಂಗತಿ. ಆದರೆ ಅದೇ ಹೆಣ್ಣುಮಕ್ಕಳನ್ನು ಮಾತಾಡಿಸಿದರೆ, "ಲಾ ಓದಬೇಕು ಅಂತ ಆಸೆ ಇದೆ ಸಿಸ್ಟರ್, ಆದ್ರೆ ಆ ಇಂಗ್ಲಿಷ್ ಪದಗಳು ನಮ್ಮಂಥ ಕನ್ನಡ ಮೀಡಿಯಂನವರಿಗೆ ಬರಲ್ಲ" ಅಂತಾರೆ. ಮಗಳು ಹಾಗೆ ಅಂದಾಗ ತಾಯಿಯೂ ಸುಮ್ಮನಾಗುತ್ತಾಳೆ. ತನಗೆ ಗೊತ್ತಿಲ್ಲದ ವಿಷಯದಲ್ಲಿ ತಾನೇನು ಹೇಳಲಿ ಅನ್ನುವ ಸಂಕೋಚ. ಆ ಸಂಕೋಚದಿಂದಾಗಿ ಮಗಳ ಆಸೆ ಮನೆಯ ಒಳಗೇ ಮುಗಿದುಹೋಗಬಾರದು.

ಯಾವ ಪರೀಕ್ಷೆಗೆ ಈ ಪದಗಳು ಬೇಕು?

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳೋಣ. ಎಲ್ಲ ಪರೀಕ್ಷೆಗೂ ದೊಡ್ಡ ದೊಡ್ಡ ಇಂಗ್ಲಿಷ್ ಪದ ಬೇಕಾಗಿಲ್ಲ. ಎಂಜಿನಿಯರಿಂಗ್‌ಗೆ ಬರೆಯುವ ಸಿಇಟಿಯಲ್ಲಿ ಇಂಗ್ಲಿಷ್ ಪತ್ರಿಕೆಯೇ ಇಲ್ಲ. ವೈದ್ಯಕೀಯಕ್ಕೆ ಬರೆಯುವ ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಕಾನೂನು ಓದಲು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಬೇಕಾದರೆ 'ಕ್ಲ್ಯಾಟ್' ಎಂಬ ಪರೀಕ್ಷೆ ಇದೆ. 2008ರಲ್ಲಿ ಶುರುವಾದದ್ದು. ಇದನ್ನು ಈವರೆಗೆ ಇಂಗ್ಲಿಷಿನಲ್ಲಿ ಮಾತ್ರ ನಡೆಸುತ್ತಾರೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿಗೂ ಇದೇ ಪರೀಕ್ಷೆಯ ಮೂಲಕ ಹೋಗಬೇಕು.

ದ್ವಿತೀಯ ಪಿಯುಸಿಯಲ್ಲಿರುವ ಮಕ್ಕಳು ಕಲೆ, ವಾಣಿಜ್ಯ, ವಿಜ್ಞಾನ ಯಾವುದೇ ವಿಭಾಗದವರಾಗಿದ್ದರೂ ಇದನ್ನು ಬರೆಯಬಹುದು. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಬೇಕು. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆದಿದೆ. ಎರಡು ಗಂಟೆ, 120 ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಇದರಲ್ಲಿ ಇಂಗ್ಲಿಷ್ ಭಾಷೆಗೆ 22ರಿಂದ 26 ಪ್ರಶ್ನೆ, ಅಂದರೆ ಸುಮಾರು ಐದನೇ ಒಂದು ಪಾಲು. ಉಳಿದ ಕಾನೂನು, ತರ್ಕ, ಪ್ರಚಲಿತ ವಿದ್ಯಮಾನ, ಲೆಕ್ಕ ಇವುಗಳನ್ನೂ ಇಂಗ್ಲಿಷಿನಲ್ಲೇ ಓದಿ ಅರ್ಥ ಮಾಡಿಕೊಳ್ಳಬೇಕು. ಆದ್ದರಿಂದ ಪದ ಗೊತ್ತಿಲ್ಲದ ಮಗುವಿಗೆ ಬುದ್ಧಿ ಎಷ್ಟಿದ್ದರೂ ಕಷ್ಟವಾಗುತ್ತದೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25ರಷ್ಟು ಸ್ಥಾನ ಇಟ್ಟಿದ್ದಾರೆ. ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿದವರು ಇದಕ್ಕೆ ಅರ್ಹರು. ನಮ್ಮ ಹಳ್ಳಿ ಶಾಲೆಯಲ್ಲಿ ಓದಿದ್ದೇ ಇಲ್ಲಿ ನಮ್ಮ ಮಕ್ಕಳಿಗೆ ಅರ್ಹತೆಯಾಗುತ್ತದೆ.

ಇಷ್ಟಕ್ಕೂ ಏಕೆ ಬೇಕು?

ನಿಮ್ಮಲ್ಲಿ ಎಷ್ಟೋ ಮಂದಿ ಜಮೀನು ಪಾಲಿನ ವಿಷಯಕ್ಕೋ, ಜೀವನಾಂಶಕ್ಕೋ ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದೀರಿ. ತಾಲೂಕು ಕೋರ್ಟಿನಲ್ಲಿ ಕನ್ನಡದ ಮಾತಾದರೂ ಕಿವಿಗೆ ಬೀಳುತ್ತದೆ. ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ನಡಾವಳಿ ಇಂಗ್ಲಿಷಿನಲ್ಲಿ. ನಮ್ಮದೇ ಹೊಲದ ಮಾತು, ನಮ್ಮದೇ ಬದುಕಿನ ಮಾತು, ನಮಗೇ ಅರ್ಥವಾಗದ ಭಾಷೆಯಲ್ಲಿ ತೀರ್ಮಾನವಾಗುತ್ತದೆ. ಹಳ್ಳಿಯ ಕಷ್ಟವನ್ನು ಕನ್ನಡದಲ್ಲಿ ಕೇಳಿ, ಅದನ್ನು ಇಂಗ್ಲಿಷಿನಲ್ಲಿ ವಾದಿಸಬಲ್ಲ ಹೆಣ್ಣುಮಕ್ಕಳು ನಮ್ಮ ಸಂಘದ ಮನೆಗಳಿಂದಲೇ ಬರಬೇಕು.

ಪಟ್ಟಿ ಬಾಯಿಪಾಠ ಏಕೆ ಸಾಲದು?

ಪೇಟೆಯಲ್ಲಿ 'ಸಾವಿರ ಪದ, ಮೂವತ್ತು ದಿನ' ಅನ್ನುವಂಥ ಪುಸ್ತಕಗಳು ಸಿಗುತ್ತವೆ. ಮಕ್ಕಳು ಬೆಳಗಿನ ಜಾವ ಎದ್ದು ಅ-ಆ-ಇ-ಈ ಹಾಗೆ ಒಪ್ಪಿಸುತ್ತಾರೆ. ವಾರದೊಳಗೆ ಮರೆತು, "ನಂಗೆ ತಲೆ ಇಲ್ಲ" ಅಂತ ಅಳುತ್ತಾರೆ. ತಲೆ ಇಲ್ಲದ್ದಲ್ಲ. ಮರೆಯುವುದು ಮನಸ್ಸಿನ ಸಹಜ ಗುಣ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದರು. ಕಲಿತ ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಜಾರಿಹೋಗುತ್ತದೆ, ಆದರೆ ಬಿಟ್ಟು ಬಿಟ್ಟು ಮತ್ತೆ ನೆನಪು ಮಾಡಿಕೊಂಡರೆ ನಿಲ್ಲುತ್ತದೆ ಅನ್ನೋದು ಅವರು ಕಂಡುಕೊಂಡ ಸತ್ಯ.

ಎರಡನೆಯದಾಗಿ, ಪರೀಕ್ಷೆಯೇ ಬದಲಾಗಿದೆ. ಮೊದಲು ಒಂಟಿ ಪದ ಕೊಟ್ಟು ಸಮಾನಾರ್ಥಕ ಕೇಳುತ್ತಿದ್ದರು. 2020ರಿಂದ ಕ್ಲ್ಯಾಟ್ ಪರೀಕ್ಷೆಯಲ್ಲಿ ಸುಮಾರು 450 ಪದಗಳ ಗದ್ಯಭಾಗ ಕೊಟ್ಟು, ಆ ಸಾಲಿನಲ್ಲಿ ಈ ಪದದ ಅರ್ಥ ಏನು ಅಂತ ಕೇಳುತ್ತಾರೆ. ಅಮೆರಿಕದ ಮಕ್ಕಳು ಕಾಲೇಜಿಗೆ ಬರೆಯುವ 'ಎಸ್‌ಎಟಿ' ಪರೀಕ್ಷೆಯಲ್ಲೂ ಅಪರೂಪದ ಪದ ತುಂಬಿಸಿ ವಾಕ್ಯ ಪೂರ್ತಿ ಮಾಡುವ ಪ್ರಶ್ನೆಗಳನ್ನು 2016ರಲ್ಲಿ ಕೈಬಿಟ್ಟರು. ಪದ ಗೊತ್ತಿದ್ದರೆ ಸಾಲದು, ಅದು ಎಲ್ಲಿ ಹೇಗೆ ಬಾಳುತ್ತದೆ ಅಂತ ಗೊತ್ತಿರಬೇಕು.

ನಿಮಗೆ ಗೊತ್ತಿರುವ ಕಠಿಣ ಪದಗಳು

ಈಗ ನೀವೇ ನೋಡಿ. "ಸಾಲ ಸ್ಯಾಂಕ್ಷನ್ ಆಯ್ತಾ?" ಅಂತ ಬ್ಯಾಂಕಿನಲ್ಲಿ ಕೇಳುತ್ತೀರಲ್ಲ? ಅಲ್ಲಿ ಸ್ಯಾಂಕ್ಷನ್ ಅಂದರೆ ಮಂಜೂರು. ಅದೇ ಪದ, ಒಂದು ದೇಶದ ಮೇಲೆ ಇನ್ನೊಂದು ದೇಶ 'ಸ್ಯಾಂಕ್ಷನ್' ಹೇರಿತು ಅಂದಾಗ ನಿರ್ಬಂಧ. ಒಂದೇ ಪದಕ್ಕೆ ಎದುರುಬದುರಾದ ಎರಡು ಅರ್ಥ!

'ಇಂಟರೆಸ್ಟ್' ಅಂದರೆ ಏನು? ಬಡ್ಡಿ ಅಂತೀರಿ. ಸರಿ. "ಓದಿನಲ್ಲಿ ಇಂಟರೆಸ್ಟ್ ಇಲ್ಲ" ಅಂದರೆ ಆಸಕ್ತಿ. "ಪಬ್ಲಿಕ್ ಇಂಟರೆಸ್ಟ್" ಅಂದರೆ ಸಾರ್ವಜನಿಕ ಹಿತ. ಮೂರು ಅರ್ಥ. ನ್ಯಾಯಾಧೀಶರು 'ಡಿಸ್‌ಇಂಟರೆಸ್ಟೆಡ್' ಆಗಿರಬೇಕು ಅಂತ ಬರೆದಿದ್ದರೆ ಬಾಯಿಪಾಠ ಮಾಡಿದ ಮಗು 'ಆಸಕ್ತಿ ಇಲ್ಲದವರು' ಅಂತ ಗುರುತು ಹಾಕಿ ಬರುತ್ತದೆ. ಸರಿಯಾದ ಅರ್ಥ 'ಸ್ವಂತ ಲಾಭದ ಆಸೆ ಇಲ್ಲದವರು, ನಿಷ್ಪಕ್ಷಪಾತಿಗಳು'.

ಇನ್ನೊಂದು ನೋಡಿ. ಮಿತವಾಗಿ ಖರ್ಚು ಮಾಡುವವಳನ್ನು 'ಫ್ರೂಗಲ್' ಅಂತಾರೆ. ಜಿಪುಣಿಯನ್ನು 'ಸ್ಟಿಂಜಿ' ಅಂತಾರೆ. ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಆದರೆ ನಮ್ಮ ಸಂಘದ ಯಾವ ಸದಸ್ಯೆಯನ್ನು ಕೇಳಿದರೂ ಮಿತವ್ಯಯ ಬೇರೆ, ಜಿಪುಣತನ ಬೇರೆ ಅಂತ ಬಿಡಿಸಿ ಹೇಳುತ್ತಾಳೆ. ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಪರೀಕ್ಷೆಯಲ್ಲಿ ಕೇಳುವುದು ಈ ಸೂಕ್ಷ್ಮವನ್ನೇ. ಆ ಸೂಕ್ಷ್ಮ ನಿಮ್ಮ ಹತ್ತಿರ ಇದೆ, ಇಂಗ್ಲಿಷ್ ಹೆಸರು ಮಗಳ ಹತ್ತಿರ ಇದೆ. ಇಬ್ಬರೂ ಕೂತು ಮಾತಾಡಿದರೆ ಪಾಠ ಆಯಿತು.

ಬೇರು ಹಿಡಿದರೆ ಗಿಡ ಸಿಕ್ಕಿತು

ಇಂಗ್ಲಿಷಿನ ದೊಡ್ಡ ಪದಗಳಲ್ಲಿ ಬಹಳಷ್ಟು ಲ್ಯಾಟಿನ್ ಮತ್ತು ಗ್ರೀಕ್ ಬೇರಿನವು. ಕನ್ನಡದಲ್ಲಿ ನ್ಯಾಯ–ಅನ್ಯಾಯ, ಗುಣ–ದುರ್ಗುಣ, ವಾದಿ–ಪ್ರತಿವಾದಿ ಅನ್ನುವುದಿಲ್ಲವೇ? ಅದೇ ರೀತಿ.

'ಆಡಿಟ್' ನಮಗೆಲ್ಲ ಗೊತ್ತು. ಲ್ಯಾಟಿನ್‌ನಲ್ಲಿ 'ಕೇಳುವುದು' ಎಂಬ ಅರ್ಥದ ಬೇರಿನಿಂದ ಬಂದದ್ದು. ಹಿಂದೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಕೇಳಿಸುತ್ತಿದ್ದರು. ವಾರದ ಸಭೆಯಲ್ಲಿ ನಮ್ಮ ಪುಸ್ತಕ ಬರೆಯುವವರು ಜಮಾ-ಖರ್ಚು ಓದಿ ಹೇಳುತ್ತಾರಲ್ಲ, ಹಾಗೆ. ಈ ಬೇರು ತಿಳಿದರೆ ಆಡಿಯೋ, ಆಡಿಯನ್ಸ್, ಆಡಿಟೋರಿಯಂ, ಕೇಳಿಸುವಂಥದ್ದು ಎಂಬರ್ಥದ 'ಆಡಿಬಲ್' ಎಲ್ಲವೂ ಒಟ್ಟಿಗೆ ಬರುತ್ತವೆ.

'ಕ್ರೆಡಿಟ್' ಅಂದರೆ ಸಾಲ. ಅದರ ಬೇರು 'ನಂಬುವುದು'. ನಂಬಿದವರಿಗೇ ಅಲ್ಲವೇ ಸಾಲ ಕೊಡುವುದು! ನಂಬಲರ್ಹವಾದದ್ದು 'ಕ್ರೆಡಿಬಲ್', ನಂಬಲಾಗದ್ದು 'ಇನ್‌ಕ್ರೆಡಿಬಲ್', ಯಾರು ಏನು ಹೇಳಿದರೂ ನಂಬುವವರು 'ಕ್ರೆಡ್ಯುಲಸ್'. 'ಮಾರ್ಟ್‌ಗೇಜ್' ಅಂದರೆ ಅಡಮಾನ. ಹಳೆಯ ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ 'ಸತ್ತ ಒತ್ತೆ'. ಶವಾಗಾರಕ್ಕೆ ಹೇಳುವ 'ಮಾರ್ಚುರಿ', ಮರಣ ಪ್ರಮಾಣಕ್ಕೆ ಹೇಳುವ 'ಮಾರ್ಟಾಲಿಟಿ', ಸಾವಿಲ್ಲದ್ದಕ್ಕೆ ಹೇಳುವ 'ಇಮ್ಮಾರ್ಟಲ್' ಇದೇ ಮನೆತನದವು.

'ಬೆನೆ' ಅಂದರೆ ಒಳ್ಳೆಯದು, 'ಮ್ಯಾಲ್' ಅಂದರೆ ಕೆಟ್ಟದ್ದು. ಫಲಾನುಭವಿಗೆ 'ಬೆನಿಫಿಷಿಯರಿ', ಪರಹಿತ ಬಯಸುವವರಿಗೆ 'ಬೆನೆವೊಲೆಂಟ್'. ಅಂಗನವಾಡಿಯಲ್ಲಿ ಕೇಳುವ ಅಪೌಷ್ಟಿಕತೆ 'ಮ್ಯಾಲ್‌ನ್ಯೂಟ್ರಿಷನ್', ಪರೀಕ್ಷೆಯಲ್ಲಿ ನಕಲು ಹೊಡೆದರೆ 'ಮ್ಯಾಲ್‌ಪ್ರಾಕ್ಟೀಸ್', ಕಾನೂನಿನಲ್ಲಿ ಬರುವ ದ್ವೇಷಬುದ್ಧಿ 'ಮ್ಯಾಲಿಸ್'. ಈ ಬೇರುಗಳ ದಾರಿಯಲ್ಲೇ ಪಾಠ ಹೇಳುವ ನಾರ್ಮನ್ ಲೂಯಿಸ್ ಅವರ 'ವರ್ಡ್ ಪವರ್ ಮೇಡ್ ಈಜಿ' ಎಂಬ ಪುಸ್ತಕ 1949ರಲ್ಲಿ ಬಂದದ್ದು. ಹಳೆಯ ಪ್ರತಿ ಸಿಕ್ಕರೂ ಸಾಕು.

ಆದರೆ ಒಂದು ಎಚ್ಚರ. ಬೇರು ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. 'ಇನ್‌ವ್ಯಾಲ್ಯುಯಬಲ್' ಅಂದರೆ ಬೆಲೆ ಇಲ್ಲದ್ದು ಅಂತ ತಿಳಿದರೆ ಕೆಟ್ಟಿತು. ಅದರ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯವಾದದ್ದು. ಆದ್ದರಿಂದ ಬೇರಿನ ಜೊತೆ ವಾಕ್ಯವನ್ನೂ ನೋಡಬೇಕು, ನಿಘಂಟನ್ನೂ ನೋಡಬೇಕು.

ಐದು ಖಾನೆಯ ಪೆಟ್ಟಿಗೆ

ನಮ್ಮ ಸಂಘ ಹೇಗೆ ಬೆಳೆಯಿತು? ಒಂದೇ ದಿನ ಯಾರೂ ಸಾವಿರ ತಂದು ಕಟ್ಟಲಿಲ್ಲ. ವಾರ ವಾರ ಸ್ವಲ್ಪ ಸ್ವಲ್ಪ ಕಟ್ಟಿದೆವು. ಕಟ್ಟಿದ್ದನ್ನು ಟ್ರಂಕಿನಲ್ಲಿ ಇಡದೆ ಸದಸ್ಯರಲ್ಲಿ ತಿರುಗಿಸಿದೆವು. ಪದಗಳಿಗೂ ಇದೇ ನಿಯಮ. ಸ್ವಲ್ಪ ಕೂಡಿಡಬೇಕು, ಕೂಡಿಟ್ಟದ್ದನ್ನು ತಿರುಗಿಸುತ್ತಿರಬೇಕು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಲೆಕ್ಕ ಹಾಕೋಣ. ದಿನಕ್ಕೆ ಮೂರೇ ಪದ. ಭಾನುವಾರ ಹೊಸದು ಬೇಡ, ಹಳೆಯದರ ಪುನರಾವರ್ತನೆ ಮಾತ್ರ. ವಾರಕ್ಕೆ 18 ಪದ ಆಯಿತು. ಪ್ರಥಮ ಪಿಯುಸಿ ಸೇರಿದಾಗ ಶುರು ಮಾಡಿದರೆ ದ್ವಿತೀಯ ಪಿಯುಸಿಯ ಡಿಸೆಂಬರ್‌ಗೆ ಸುಮಾರು 70 ವಾರ ಸಿಗುತ್ತದೆ. 18 ಗುಣಿಸು 70, ಒಟ್ಟು 1,260 ಪದ.

ತಿರುಗಿಸುವುದಕ್ಕೆ ಒಂದು ಸುಲಭ ವಿಧಾನ ಇದೆ. ಇದನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1972ರಲ್ಲಿ ತಮ್ಮ ಪುಸ್ತಕದಲ್ಲಿ ವಿವರಿಸಿದರು. ನಾವು ಅದನ್ನು ನಮ್ಮ ಅನುಕೂಲಕ್ಕೆ ಹೀಗೆ ಮಾಡಿಕೊಳ್ಳಬಹುದು:

1. ಚಪ್ಪಲಿ ಬರುವ ರಟ್ಟಿನ ಡಬ್ಬದಲ್ಲಿ ರಟ್ಟು ನಿಲ್ಲಿಸಿ ಐದು ಖಾನೆ ಮಾಡಿ. ಹಳೆಯ ಲಗ್ನಪತ್ರಿಕೆಗಳನ್ನು ಚೀಟಿಯಾಗಿ ಕತ್ತರಿಸಿ.

2. ಚೀಟಿಯ ಒಂದು ಬದಿ ಇಂಗ್ಲಿಷ್ ಪದ, ಅದು ಸಿಕ್ಕಿದ ವಾಕ್ಯ. ಇನ್ನೊಂದು ಬದಿ ಕನ್ನಡದಲ್ಲಿ ಅರ್ಥ, ಮಗಳು ಸ್ವಂತವಾಗಿ ಮಾಡಿದ ಒಂದು ವಾಕ್ಯ.

3. ಹೊಸ ಚೀಟಿ ಒಂದನೇ ಖಾನೆಗೆ. ಒಂದನೇ ಖಾನೆಯನ್ನು ದಿನಾ ಕೇಳಬೇಕು. ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ.

4. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ. ತಪ್ಪಿದರೆ ಯಾವ ಖಾನೆಯಲ್ಲಿದ್ದರೂ ಮತ್ತೆ ಒಂದನೇ ಖಾನೆಗೆ. ಬೈಯಬೇಡಿ. ಕಂತು ತಪ್ಪಿದ ಸದಸ್ಯೆಗೆ ನಾವು ಮತ್ತೆ ಅವಕಾಶ ಕೊಡುವುದಿಲ್ಲವೇ?

ಪದಗಳನ್ನು ಎಲ್ಲಿಂದ ಆರಿಸಬೇಕು? ಪಟ್ಟಿಯಿಂದಲ್ಲ, ಓದಿನಿಂದ. ದಿನಕ್ಕೆ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಸಾಕು. ಗೊತ್ತಿಲ್ಲದ ಪದ ಬಂದ ಕೂಡಲೇ ನಿಘಂಟು ತೆರೆಯಬಾರದು, ಮೊದಲು ಊಹಿಸಬೇಕು. "ಮಳೆ ಕೈಕೊಟ್ಟ ವರ್ಷ ರೈತರ ಸ್ಥಿತಿ 'ಪ್ರಿಕೇರಿಯಸ್' ಆಗಿತ್ತು, ಇನ್ನೊಂದು ಸಣ್ಣ ಪೆಟ್ಟು ಬಿದ್ದರೂ ಕುಸಿಯುವಂತಿತ್ತು" ಅಂದರೆ ನಿಮಗೇ ಅರ್ಥವಾಯಿತಲ್ಲ? ಅಭದ್ರ, ಯಾವಾಗ ಬೀಳುತ್ತದೋ ಅನ್ನುವ ಸ್ಥಿತಿ. ಪಕ್ಕದ ಮಾತೇ ಅರ್ಥ ಹೇಳಿಬಿಟ್ಟಿತು. ವಾಕ್ಯದಲ್ಲಿ 'ಆದರೆ', 'ಆದರೂ' ಎನ್ನುವ ಅರ್ಥದ 'ಬಟ್', 'ಆಲ್‌ದೋ' ಬಂದರೆ ಮಾತು ಎದುರು ದಿಕ್ಕಿಗೆ ತಿರುಗುತ್ತದೆ ಅಂತ ಗುರುತು. ಊಹಿಸಿದ ಮೇಲೆ ನಿಘಂಟಿನಲ್ಲಿ ಸರಿ ನೋಡಿಕೊಂಡರೆ ಆ ಪದ ಸುಲಭಕ್ಕೆ ಮರೆಯುವುದಿಲ್ಲ.

ಕನ್ನಡವನ್ನು ಬಿಡಬೇಡಿ. ಶಾಲಾ ಪುಸ್ತಕದ ಮೊದಲಲ್ಲಿರುವ ಸಂವಿಧಾನ ಪೀಠಿಕೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಕ್ಕಪಕ್ಕ ಇಟ್ಟು ಓದಿಸಿ. ಸಾರ್ವಭೌಮ–ಸಾವರಿನ್, ಗಣರಾಜ್ಯ–ರಿಪಬ್ಲಿಕ್, ನ್ಯಾಯ–ಜಸ್ಟಿಸ್, ಸ್ವಾತಂತ್ರ್ಯ–ಲಿಬರ್ಟಿ, ಸಮಾನತೆ–ಈಕ್ವಾಲಿಟಿ, ಭ್ರಾತೃತ್ವ–ಫ್ರೆಟರ್ನಿಟಿ. ಸಾರ್ವಭೌಮ ಅಂದರೆ ಏನೆಂದು ಕನ್ನಡದಲ್ಲಿ ತಿಳಿಯದ ಮಗು ಇಂಗ್ಲಿಷಿನಲ್ಲಿ ಅದನ್ನು ಬಾಯಿಪಾಠ ಮಾಡಿ ಏನು ಪ್ರಯೋಜನ?

ತಾಯಿ ಏನು ಮಾಡಬಹುದು?

ಕನ್ನಡ ಓದಲು ಬರುವವರು ಚೀಟಿಯ ಕನ್ನಡ ಬದಿ ಓದಿ, ಮಗಳ ಬಾಯಿಂದ ಇಂಗ್ಲಿಷ್ ಪದ ಹೇಳಿಸಿ. ಓದಲು ಬಾರದವರು, "ಈ ಪದ ಏನು ಅಂತ ನಂಗೆ ಅರ್ಥ ಆಗೋ ಹಾಗೆ ಹೇಳು ಮಗಾ" ಅನ್ನಿ. ನಿಮಗೆ ಅರ್ಥವಾದರೆ ಅವಳಿಗೆ ಬಂದಿದೆ ಅಂತ ತಿಳಿಯಿರಿ. ನಿಮಗೆ ಅರ್ಥವಾಗದಿದ್ದರೆ ಅವಳಿಗೂ ಇನ್ನೂ ಪೂರ್ತಿ ಬಂದಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷಕರು ಬೇಕಾಗಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಸಮಯ. ಕೆಲವು ಮನೆಗಳಲ್ಲಿ ಮಗನ ಕೈಗೆ ಪುಸ್ತಕ, ಮಗಳ ಕೈಗೆ ಪೊರಕೆ. ಸಂಜೆ ನೀರು, ಪಾತ್ರೆ, ಅಡುಗೆ, ತಮ್ಮ-ತಂಗಿಯರ ಆರೈಕೆ ಎಲ್ಲ ಮುಗಿಸಿ ಕೂರುವ ಹೊತ್ತಿಗೆ ಅವಳಿಗೆ ಕಣ್ಣು ಎಳೆಯುತ್ತಿರುತ್ತದೆ. ದಿನಕ್ಕೆ ಒಂದು ಗಂಟೆ ಅವಳನ್ನು ಯಾವ ಕೆಲಸಕ್ಕೂ ಕರೆಯಬೇಡಿ. ಆ ಗಂಟೆಯ ಕೆಲಸವನ್ನು ಮಗ, ಅಪ್ಪ ಹಂಚಿಕೊಳ್ಳಲಿ. ಫೋನು ಅಪ್ಪನ ಜೇಬಿನಲ್ಲೇ ಇದ್ದರೆ ನಿಘಂಟು ನೋಡುವುದು ಹೇಗೆ? ಆ ಒಂದು ಗಂಟೆ ಫೋನೂ ಅವಳ ಕೈಗೆ ಬರಲಿ.

ಸಂಘವಾಗಿಯೂ ಮಾಡುವ ಕೆಲಸ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ನಮ್ಮ ಊರಿನ ಕೇಂದ್ರಕ್ಕೆ ಇಂಗ್ಲಿಷ್ ಪತ್ರಿಕೆ ಬರುತ್ತದೆಯೇ, ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟು ಇದೆಯೇ ಅಂತ ಹೋಗಿ ನೋಡಿ. ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಕೋಚಿಂಗ್ ಸಾಲದ ವಿಷಯ

ಕೋಚಿಂಗ್ ಬೇಡವೇ ಬೇಡ ಅಂತ ನಾವು ಹೇಳುವುದಿಲ್ಲ. ಆದರೆ ಪದಗಳ ಪುಸ್ತಕ ಕೈಗೆ ಕೊಟ್ಟು ದೊಡ್ಡ ಮೊತ್ತ ಕಟ್ಟಿಸಿಕೊಳ್ಳುವವರೂ ಇದ್ದಾರೆ. ಸಂಘದಿಂದ ಸಾಲ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ವಾರಕ್ಕೆ ಎಷ್ಟು ಗದ್ಯಭಾಗ ಓದಿಸಿ ಅಭ್ಯಾಸ ಮಾಡಿಸುತ್ತೀರಿ? ನಡುವೆ ಬಿಟ್ಟರೆ ಹಣ ವಾಪಸು ಇದೆಯೇ? ರಸೀದಿ ಕೊಡುತ್ತೀರಾ? ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲೇ ಸಿಗುತ್ತವೆ.

ಅರ್ಜಿ ಶುಲ್ಕವೇ ದುಬಾರಿ. 2025ರ ಪ್ರವೇಶಕ್ಕೆ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂಪಾಯಿ ಇತ್ತು. ಇದಕ್ಕಾಗಿ ಮಗಳು ಪಿಯುಸಿ ಸೇರಿದ ತಿಂಗಳಿಂದಲೇ ಬೇರೆ ಉಳಿತಾಯ ಶುರು ಮಾಡುವುದು ಜಾಣತನ.

ಬಡ ಮಕ್ಕಳಿಗೆ ಉಚಿತ ತರಬೇತಿಯ ದಾರಿಯೂ ಇದೆ. ಕಾನೂನು ಪ್ರಾಧ್ಯಾಪಕರಾಗಿದ್ದ ಶಮ್ನಾದ್ ಬಶೀರ್ ಅವರು 2010ರಲ್ಲಿ 'ಐಡಿಯಾ' ಎಂಬ ಸಂಸ್ಥೆ ಆರಂಭಿಸಿದರು. ಹಿಂದುಳಿದ, ಗ್ರಾಮೀಣ, ಅಂಗವಿಕಲ ಮಕ್ಕಳನ್ನು ಆರಿಸಿ ಕ್ಲ್ಯಾಟ್ ಪರೀಕ್ಷೆಗೆ ತಯಾರು ಮಾಡುವುದು ಅದರ ಕೆಲಸ. ಅವರು 2019ರಲ್ಲಿ ತೀರಿಕೊಂಡರು, ಸಂಸ್ಥೆಯ ಕೆಲಸ ನಡೆದಿದೆ. ನಿಮ್ಮ ಮಕ್ಕಳ ಕಾಲೇಜಿನ ಪ್ರಾಂಶುಪಾಲರ ಹತ್ತಿರ ಈ ಬಗ್ಗೆ ವಿಚಾರಿಸಲು ಹೇಳಿ.

ಸಿಗದಿದ್ದರೆ?

ಈ ಪರೀಕ್ಷೆಯಲ್ಲಿ ಸ್ಥಾನ ಸಿಗುವುದು ಕಷ್ಟ. ಅದನ್ನು ಮುಚ್ಚಿಡುವುದು ಸರಿಯಲ್ಲ. ಸಿಗದಿದ್ದರೆ ಮಗಳನ್ನು ಹಂಗಿಸಬೇಡಿ, ಮದುವೆಗೆ ಅವಸರ ಮಾಡಬೇಡಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯುಸಿ ಅಂಕದ ಮೇಲೆಯೇ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಅಲ್ಲಿ ಓದಿದವರೂ ವಕೀಲರೇ. ಕೂಡಿಟ್ಟ ಸಾವಿರ ಪದಗಳು ಎಲ್ಲಿಗೂ ಹೋಗುವುದಿಲ್ಲ. ಪದವಿ ಓದುವಾಗ, ಬ್ಯಾಂಕ್ ಪರೀಕ್ಷೆ ಬರೆಯುವಾಗ, ನಿಮ್ಮ ಕೈಗೆ ಬಂದ ಇಂಗ್ಲಿಷ್ ನೋಟಿಸನ್ನು ಓದಿ ಹೇಳುವಾಗ ಅವು ಬಡ್ಡಿ ಸಮೇತ ವಾಪಸು ಬರುತ್ತವೆ.

ಸಹೋದರಿಯರೇ, ಬ್ಯಾಂಕಿನ ಬಾಗಿಲ ಬಳಿ ನಿಂತು ಒಳಗೆ ಹೋಗಲು ಹೆದರುತ್ತಿದ್ದ ಕಾಲ ನಮಗೆ ನೆನಪಿದೆ. ಇವತ್ತು ಮ್ಯಾನೇಜರ್ ಎದುರು ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಅದು ಒಬ್ಬರಿಂದ ಆದದ್ದಲ್ಲ, ವಾರ ವಾರ ಕೂಡಿ ಆದದ್ದು. ಮಗಳ ಓದಿಗೂ ಅದೇ ಶಿಸ್ತು ಸಾಕು. ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಮೂರು ಚೀಟಿ ಬರೆಸಿ.



ಮುಂದಿನ ಸಂಘದ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಈ ವರ್ಷ ಪಿಯುಸಿ ಓದುತ್ತಿರುವವರು ಎಷ್ಟು ಮಂದಿ? ಅವರು ಮುಂದೆ ಏನು ಓದಬೇಕೆಂದಿದ್ದಾರೆ?

2. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಓದಿನ ಸಮಯ ಸಿಗುತ್ತಿದೆಯೇ? ಇಲ್ಲದಿದ್ದರೆ ಯಾವ ಕೆಲಸವನ್ನು ಯಾರು ಹಂಚಿಕೊಳ್ಳಬಹುದು?

3. ಸಂಘದ ವ್ಯವಹಾರದಲ್ಲಿ ನಾವು ಬಳಸುವ ಹತ್ತು ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿ. ಅವುಗಳಿಗೆ ಬೇರೆ ಅರ್ಥ ಇದೆಯೇ ಎಂದು ಮಕ್ಕಳಿಂದ ತಿಳಿದುಕೊಂಡು ಬನ್ನಿ.